ಅತ್ತೆಯ ಅಳತೆಯ ಕಾರು

ಫೆಬ್ರವರಿ ೩, ೧೯೮೨, ಬುಧವಾರ. ಬಿಳಿಗೆರೆ

ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟ ಡೈರಿ. ಒಂದು ತಿಂಗಳು ಖಾಲಿ ಬಿಟ್ಟಿದ್ದೆ, ಬರೆಯುವಂಥದ್ದೇನೂ ನಡೆದಿರಲಿಲ್ಲ. ಈಗ ನಡೆದಿದೆ. ನನ್ನ ಹೆಂಡತಿ ಅನಸೂಯಳ ತಾಯಿ ನಮ್ಮ ಮನೆಗೆ ಬಂದಿದ್ದಾರೆ.

ಬಂದಿದ್ದಾರೆ ಅನ್ನುವುದು ತಪ್ಪು. ನಾಲ್ಕು ಜನ ಹೊತ್ತು ತಂದಿದ್ದಾರೆ. ಹುಳಿಯಾರಿನ ತಮ್ಮ ಮನೆಯಲ್ಲಿ, ಈ ವಯಸ್ಸಿನಲ್ಲಿ, ಏಣಿ ಹಾಕಿಕೊಂಡು ಅಟ್ಟ ಹತ್ತಿ ಕೊಬ್ಬರಿಗೆ ಇಲಿ ಬಿದ್ದಿದೆಯೇ ಎಂದು ನೋಡಲು ಹೋದರಂತೆ. ಇಲಿ ಬಿದ್ದಿರಲಿಲ್ಲ. ಇವರು ಬಿದ್ದರು. ಸೊಂಟದ ಮೂಳೆ ಬಿರುಕು ಬಿಟ್ಟಿದೆ. ಮೂರು ತಿಂಗಳು ಮಲಗಿಯೇ ಇರಬೇಕು, ಕೂರಿಸುವಂತಿಲ್ಲ, ಎರಡು ವಾರಕ್ಕೊಮ್ಮೆ ತುಮಕೂರಿಗೆ ತಂದು ತೋರಿಸಬೇಕು ಎಂದಿದ್ದಾರೆ ಮೂಳೆ ಡಾಕ್ಟರು. ಕೂರಿಸದೆ ತರುವುದು ಹೇಗೆ ಎಂದು ಹೇಳಿಲ್ಲ. ಅದನ್ನು ಓದಲು ಬೇರೆ ಕಾಲೇಜಿಗೆ ಹೋಗಬೇಕೇನೋ.

ನಡುಮನೆಯಲ್ಲಿ ಮಂಚ ಹಾಕಿದ್ದೇವೆ. ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಈ ಮಹಾತಾಯಿ ಚಿಕ್ಕಗೌರಮ್ಮನವರು ಇಷ್ಟು ವರ್ಷದಲ್ಲಿ ನನ್ನ ಜೊತೆ ನೇರವಾಗಿ ಒಂದು ಮಾತಾಡಿದವರಲ್ಲ. ಅಳಿಯನೆದುರು ಬಾಯಿ ಬಿಡಬಾರದಂತೆ, ಅದು ಮರ್ಯಾದೆಯಂತೆ. ಏನಿದ್ದರೂ ಮಗಳ ಮೂಲಕ. ನಾನು ಮಂಚದ ಪಕ್ಕದಲ್ಲೇ ನಿಂತಿರುವಾಗ, "ಅನಸೂಯಾ, ರೇಡಿಯೋ ಒಸಿ ಸಣ್ಣಕ್ಕೆ ಇಡ್ಬೇಕಂತೆ ಅಂತ ಅಳಿಯಂದ್ರಿಗೆ ಹೇಳೇ" ಎನ್ನುತ್ತಾರೆ. ಅನಸೂಯ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅದನ್ನೇ ನನಗೆ ಹೇಳುತ್ತಾಳೆ. ದೆಹಲಿಗೆ ಟ್ರಂಕ್ ಕಾಲ್ ಮಾಡಿದರೆ ಇದಕ್ಕಿಂತ ಬೇಗ ಸಿಗುತ್ತದೆ.

ಫೆಬ್ರವರಿ ೧೧, ಗುರುವಾರ

ತುಮಕೂರಿಗೆ ಹೋಗಿ ಬಂದೆವು, ಕೊಬ್ಬರಿ ಲಾರಿಯಲ್ಲಿ. ತಿಪಟೂರಿನ ಟ್ಯಾಕ್ಸಿಯವರೆಲ್ಲ "ಮಲಗ್ಸಿಕೊಂಡು ಹೋಗಾಕೆ ನಂದೇನು ಆಸ್ಪತ್ರೆನಾ ಸ್ವಾಮಿ?" ಎಂದು ಕೈಯಾಡಿಸಿದ ಮೇಲೆ ಉಳಿದದ್ದು ಅದೊಂದೇ. ಚೀಲಗಳ ನಡುವೆ ತೆಂಗಿನ ನಾರು ಹರಡಿ, ಮೇಲೆ ಹಾಸಿಗೆ ಹಾಸಿದೆವು. ಡ್ರೈವರ್ ಬಹಳ ನ್ಯಾಯವಂತ, ಕೊಬ್ಬರಿಗೂ ಮುದುಕಿಗೂ ಭೇದ ಮಾಡಲಿಲ್ಲ. ಕೆ.ಬಿ. ಕ್ರಾಸಿನಿಂದ ಆಚೆಗೆ ಗುಂಡಿಗೊಂದರಂತೆ "ಶಿವನೇ" ಎಂಬ ಸಣ್ಣ ದನಿ ಕೇಳುತ್ತಿತ್ತು. ಗುಬ್ಬಿ ದಾಟಿದ ಮೇಲೆ ಅದೂ ನಿಂತಿತು. ಕೂಗುತ್ತಿದ್ದರೇ ವಾಸಿಯಿತ್ತು.

"ಇನ್ನೊಂದು ಸಲ ಹೀಗೆ ತಂದರೆ ಕೂಡಿದ ಮೂಳೆಯೂ ಬಿಡುತ್ತೆ" ಎಂದು ಡಾಕ್ಟರು ನನ್ನನ್ನು ಗದರಿದರು, ಆ ರಸ್ತೆ ಹಾಕಿಸಿದ ಕಂಟ್ರಾಕ್ಟರು ನಾನೇ ಎಂಬಂತೆ.

ಫೆಬ್ರವರಿ ೧೨, ಶುಕ್ರವಾರ

ಊಟಕ್ಕೆ ಕುಳಿತಾಗ, ನಾವೇ ಒಂದು ಕಾರು ಕೊಳ್ಳೋಣ ಎಂದೆ.

ಅನಸೂಯ ಸಾರು ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮ್ಮ ಹತ್ತು ವರ್ಷದ ಆಸೆ ತೀರಾಕೆ ನಮ್ಮವ್ವ ಸೊಂಟ ಮುರ್ಕೋಬೇಕಾಯ್ತು ನೋಡಿ."

ಸುಳ್ಳಲ್ಲ. ಮಿಲಿಟರಿಯಿಂದ ಬಂದ ಚಿಕ್ಕಪ್ಪನ ಕಾರಿನಲ್ಲಿ ಓಡಿಸುವುದನ್ನು ಕಲಿತೆ. ಚಿಕ್ಕಪ್ಪ ತೀರಿಕೊಂಡರು, ಕಾರು ಮಾರಿಹೋಯಿತು, ಆಸೆ ಮಾತ್ರ ಗಿರಾಕಿ ಸಿಗದೆ ನನ್ನಲ್ಲೇ ಉಳಿದುಕೊಂಡಿತು. ಈಗ ಬರುವ ಕಾರಿಗೆ ಎರಡು ಗುಣವಿರಬೇಕು. ಹಿಂದೆ ಒಬ್ಬರು ಕಾಲು ಚಾಚಿ ಮಲಗಬೇಕು. ಮುಂದೆ ಕೂತವನಿಗೆ ಓಡಿಸುವುದು ಖುಷಿಯಾಗಬೇಕು. ಎರಡನೆಯದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಈ ಮನೆಯಲ್ಲಿ ಸಾರಿಗೆ ಉಪ್ಪಿರುವುದಿಲ್ಲ.

ಫೆಬ್ರವರಿ ೧೭, ಬುಧವಾರ

ತಿಪಟೂರಿನಲ್ಲಿ ಮೆಕ್ಯಾನಿಕ್ ಮಾಯಣ್ಣನನ್ನು ಕಂಡೆ. ನನ್ನ ಜೊತೆ ಹೈಸ್ಕೂಲು ಓದಿದವನು. ಹಿಂದೆ ಮಂಚದಷ್ಟು ಜಾಗವಿರುವ ಕಾರಿಗೆ ಎಸ್ಟೇಟ್ ಕಾರು ಅನ್ನುತ್ತಾರೆ ಎಂದು ಅವನೇ ಹೇಳಿದ್ದು. ಎಸ್ಟೇಟ್ ಇರುವವರು ಇಟ್ಟುಕೊಳ್ಳುವಂಥದ್ದಂತೆ. ನನಗಿರುವುದು ನಾಲ್ಕು ಎಕರೆ ತೆಂಗಿನ ತೋಟ. ಅದರಲ್ಲಿ ಅರ್ಧ ಎಕರೆಯನ್ನು ಪಕ್ಕದವರು ತಮ್ಮದು ಅನ್ನುತ್ತಾರೆ.

ಮೊದಲು ತೋರಿಸಿದ್ದು ಒಂದು ಹಳೇ ಸ್ಟೇಷನ್ ವ್ಯಾಗನ್. ಹಿಂದೆ ಎರಡು ಎಮ್ಮೆ ಮಲಗಬಹುದು. ಸ್ಟಿಯರಿಂಗ್ ತಿರುಗಿಸಿದೆ. ಗಾಡಿ ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಒಪ್ಪಿಕೊಂಡು ತಿರುಗಿತು. ಬ್ರೇಕು ಹೇಗೆ ಎಂದು ಕೇಳಿದರೆ ಮಾಯಣ್ಣ, "ಬ್ರೇಕ್ ಐತೆ ಕಣ್ಲಾ, ಆದ್ರೆ ಮೊದ್ಲೇ ಹೇಳಿಟ್ಟಿರ್ಬೇಕು" ಎಂದ.

ಬೇಡವೆಂದು ಬಂದೆ.

ಫೆಬ್ರವರಿ ೧೮, ಗುರುವಾರ

ಕಾರು ನೋಡುವ ಮೊದಲು ಮಲಗುವವರ ಉದ್ದ ಗೊತ್ತಿರಬೇಕಲ್ಲ? ಮಧ್ಯಾಹ್ನ ಅತ್ತೆಯವರು ನಿದ್ದೆ ಹೋಗಿದ್ದರು. ನಾರಿನ ಹಗ್ಗ ತಂದು, ಸದ್ದಾಗದಂತೆ, ತಲೆಯ ಹತ್ತಿರ ಒಂದು ತುದಿ ಇಟ್ಟು ಕಾಲಿನವರೆಗೆ ಎಳೆದು ಗಂಟು ಹಾಕುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವರು ಗಟ್ಟಿಯಾಗಿ ಕೂಗಿದರು.

"ಅನಸೂಯಾ! ನಿನ್ನ ಗಂಡ ನನ್ನ ಅಳತೆ ತಗೋತಾವ್ರೆ ಕಣೇ. ಗುಂಡಿ ತೋಡ್ಸಕ್ಕೆ ಇಷ್ಟು ಅವಸ್ರ ಏನಂತೆ ಕೇಳು!"

ಅನಸೂಯ ಬಂದಳು. ನಾನು ಹಗ್ಗ ಹಿಡಿದುಕೊಂಡು ನಿಂತಿದ್ದೆ. ಇಂಥ ಹೊತ್ತಿನಲ್ಲಿ ಸತ್ಯ ಹೇಳಿದರೂ ಯಾರೂ ನಂಬುವುದಿಲ್ಲ. ಪಕ್ಕದ ಮನೆಯ ತಿಮ್ಮಕ್ಕ ಬೇರೆ ಮಜ್ಜಿಗೆ ಕೇಳಲು ಅದೇ ಗಳಿಗೆಯಲ್ಲಿ ಬಾಗಿಲಿಗೆ ಬಂದಿದ್ದಳು. ಸಂಜೆಯ ಹೊತ್ತಿಗೆ ಇಡೀ ಬಿಳಿಗೆರೆ ನನ್ನನ್ನು ಬೇರೆ ರೀತಿ ನೋಡಿತು.

ಫೆಬ್ರವರಿ ೨೦, ಶನಿವಾರ

ಮಾಯಣ್ಣ ಒಂದು ವ್ಯಾನನ್ನು ಮನೆಗೇ ತಂದ. ಹಿಂದೆ ಆಂಬುಲೆನ್ಸ್ ಆಗಿತ್ತಂತೆ, ಹರಾಜಿನಲ್ಲಿ ಯಾರೋ ಹಿಡಿದದ್ದು. ಕೆಂಪು ಗುರುತಿನ ಮೇಲೆ ಸುಣ್ಣದಂಥದ್ದೇನೋ ಬಳಿದಿದ್ದರು, ಗುರುತು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಉಪಯೋಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ, ಸ್ಟ್ರೆಚರ್ ಕೂಡ ಪುಕ್ಕಟೆ. ಓಡಿಸಿದರೆ ಬೀರು ಓಡಿಸಿದ ಹಾಗೆ.

ಕಿಟಕಿಯಿಂದ ನೋಡಿದ ಅತ್ತೆಯವರು ಮಗಳಿಗೆ ಹೇಳಿದರು: "ಬ್ಯಾಡ ಅನ್ನು. ಇದ್ರಲ್ಲಿ ನನ್ನ ಮಲಗ್ಸ್ಕೊಂಡು ಹೊರಟ್ರೆ ಊರೋರು ಅಳಕ್ಕೆ ಸುರು ಮಾಡ್ತಾರೆ. ವಾಪಸ್ ಬಂದ್ರೆ ಅವ್ರಿಗೂ ಮುಜುಗರ."

ಮೊದಲ ಬಾರಿ ನಮ್ಮಿಬ್ಬರ ಅಭಿಪ್ರಾಯ ಒಂದಾಯಿತು. ಕಾರಣಗಳು ಬೇರೆ.

ಫೆಬ್ರವರಿ ೨೫, ಗುರುವಾರ

ತುರುವೇಕೆರೆಯ ಕಾಯಿ ವ್ಯಾಪಾರಿ ಲಕ್ಕಯ್ಯನವರ ಅಂಬಾಸಿಡರ್ ಎಸ್ಟೇಟ್. "ತಗೊಂಡ್ಹೋಗಿ, ಪೇಷಂಟ್ ಮಲಗ್ಸಿ ನೋಡಿ, ಆಮೇಲೆ ಮಾತಾಡನ" ಎಂದು ಧಾರಾಳವಾಗಿ ಕೀ ಕೊಟ್ಟರು. ಇವತ್ತು ತುಮಕೂರಿಗೆ ಅದರಲ್ಲೇ ಹೋದೆವು. ಹಗ್ಗಕ್ಕಿಂತ ಒಂದು ಮೊಳ ಹೆಚ್ಚಿಗೆ ಜಾಗ. ಅತ್ತೆಯವರು ಆರಾಮಾಗಿದ್ದರು, ಅನಸೂಯ ಆರಾಮಾಗಿದ್ದಳು, ಡಾಕ್ಟರು "ಈಗ ಸರಿ" ಎಂದರು. ಮನೆಗೆ ಬಂದ ಮೇಲೆ ಮಾಯಣ್ಣ ಕೆಳಗೆ ನುಗ್ಗಿ ನೋಡಿ, "ಕಣ್ಮುಚ್ಚಿ ತಗೋ" ಎಂದ.

ಕಣ್ಣು ಮುಚ್ಚಿಕೊಂಡೇ ಓಡಿಸಬಹುದು, ನಿದ್ದೆ ಬರುವಂತಿದೆ. ಲಕ್ಕಯ್ಯನವರು ಇಷ್ಟು ವರ್ಷ ಅದರಲ್ಲಿ ಕಾಯಿ ಹೇರಿ ಹೇರಿ, ಅದಕ್ಕೂ ಜೀವನದಲ್ಲಿ ಜಿಗುಪ್ಸೆ ಬಂದಿದೆ. ತಿರುವಿನಲ್ಲಿ ಬಾಣಂತಿಯ ಹಾಗೆ ನಿಧಾನವಾಗಿ ಮಗ್ಗುಲು ಬದಲಿಸುತ್ತದೆ. ಆದರೆ ದೂರಲು ಒಂದೂ ನ್ಯಾಯವಾದ ಕಾರಣ ಸಿಗುತ್ತಿಲ್ಲ. ಎಲ್ಲರಿಗೂ ಒಪ್ಪಿಗೆಯಾದ ಹೆಣ್ಣಿನ ಹಾಗೆ. ಮಂಗಳವಾರ ಹೋಗಿ ಅಡ್ವಾನ್ಸ್ ಕೊಡುವುದೆಂದು ತೀರ್ಮಾನವಾಗಿದೆ. ತೀರ್ಮಾನ ಮಾಡಿದವರಲ್ಲಿ ನಾನೂ ಇದ್ದೆ ಎಂದು ಅನಸೂಯ ಹೇಳುತ್ತಾಳೆ.

ಮಾರ್ಚ್ ೨, ಮಂಗಳವಾರ

ಅಡ್ವಾನ್ಸ್ ಕೊಟ್ಟು ಬಂದೆ. ಲಕ್ಕಯ್ಯನವರಿಗಲ್ಲ.

ಅವರ ಬೀದಿಯಲ್ಲೇ ರಿಟೈರ್ಡ್ ಎಂಜಿನಿಯರ್ ವೆಂಕಟಯ್ಯನವರ ಮನೆ. ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರದ ಕೆಳಗೆ ಒಂದು ಫಿಯಟ್ ನಿಂತಿತ್ತು, ತಿಳಿ ಹಸಿರು. ಬೆಂಗಳೂರಿನಲ್ಲಿ ಯಾರಿಂದಲೋ ಹಿಂಭಾಗವನ್ನು ಉದ್ದ ಮಾಡಿಸಿ ಎಸ್ಟೇಟ್ ಕಟ್ಟಿಸಿದ್ದಂತೆ. ಕಣ್ಣು ಕಾಣದೆ ಓಡಿಸುವುದನ್ನು ಬಿಟ್ಟಿದ್ದಾರೆ. ಸುಮ್ಮನೆ ನೋಡುತ್ತಿದ್ದೆ. "ಒಂದು ರೌಂಡು ಹೋಗಿ ಬನ್ನಿ, ಅದಕ್ಕೂ ಬೇಜಾರಾಗಿದೆ" ಎಂದರು.

ಮಾಯಸಂದ್ರದ ರಸ್ತೆಯಲ್ಲಿ ಹೋದೆ. ಏನು ಹೇಳುವುದು. ನಾನು ತಿರುವನ್ನು ನೋಡಿದರೆ ಸಾಕು, ಅದು ತಿರುಗುತ್ತಿತ್ತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರು ಬೀಳುತ್ತಿತ್ತು. ಎರಡು ಕಡೆಯೂ ತೆಂಗಿನ ಸಾಲು ಹಿಂದಕ್ಕೆ ಓಡಿತು. ಒಂದು ರೌಂಡು ಅಂದದ್ದು ಮಾಯಸಂದ್ರದವರೆಗೂ ಆಯಿತು. ವಾಪಸ್ಸು ಬಂದಾಗ ವೆಂಕಟಯ್ಯನವರು ಪೊಲೀಸಿಗೆ ಹೇಳುವುದೋ ಬೇಡವೋ ಎಂದು ಯೋಚಿಸುತ್ತ ಗೇಟಿನಲ್ಲೇ ನಿಂತಿದ್ದರು.

ಹಗ್ಗ ಹಿಡಿದು ಅಳೆದೆ. ಜಾಗಕ್ಕಿಂತ ಹಗ್ಗವೇ ಒಂದು ಗೇಣು ಹೆಚ್ಚಿಗೆ ಉದ್ದವಿತ್ತು. ನಾರಿನ ಹಗ್ಗ ಎಳೆದೂ ಎಳೆದೂ ಉದ್ದವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಮಾರ್ಚ್ ೪, ಗುರುವಾರ

ಕಾರು ಮನೆಗೆ ಬಂತು. ಹಗ್ಗ ಉದ್ದವಾಗಿರಲಿಲ್ಲ ಎಂದು ಅನಸೂಯ ಎರಡು ನಿಮಿಷದಲ್ಲಿ ಕಂಡುಹಿಡಿದಳು. ತಾನೇ ಹಿಂದೆ ಹತ್ತಿ ಮಲಗಿ ನೋಡಿದಳು. ಅವಳೂ ಅವಳ ತಾಯಿಯೂ ಒಂದೇ ಎತ್ತರ. ಕಾಲು ಮಡಿಸದೆ ಬಾಗಿಲು ಹಾಕಲಾಗಲಿಲ್ಲ.

"ಯಾರಿಗೆ ತಂದ್ರಿ ಇದನ್ನ? ಮೂಳೆ ಮುರ್ದೋರಿಗಾ, ಬುದ್ಧಿ ಮುರ್ದೋರಿಗಾ?"

ಅವಳು ಒಳಗೆ ಹೋಗಿ ಅತ್ತಳು. ಅಳುವುದು ಕೇಳಿಸಲಿ ಎಂದು ಅತ್ತದ್ದಲ್ಲ, ಅದೇ ಕಷ್ಟವಾಯಿತು. ನಾಳೆ ವಾಪಸ್ಸು ಕೊಟ್ಟು ಲಕ್ಕಯ್ಯನವರ ಕಾಲು ಹಿಡಿಯುವುದು ಎಂದುಕೊಂಡು ನಡುಮನೆಗೆ ಬಂದೆ.

ಮಂಚದಿಂದ ದನಿ ಬಂತು. ಅನಸೂಯ ಅಲ್ಲಿರಲಿಲ್ಲ, ಆದರೂ ಅವಳಿಗೇ ಹೇಳಿದ್ದು. "ಅನಸೂಯಾ, ಅಳಿಯಂದ್ರ ಪಕ್ಕದ ಸೀಟು ಯಾಕ್ ಬೇಕಂತೆ ಕೇಳೇ. ಅದನ್ನ ಕಿತ್ತಾಕಿ ಹಲಗೆ ಹಾಕ್ಸಿದ್ರೆ ನನ್ನಂತೋರು ಒಂದೂವರೆ ಜನ ಮಲಗ್ಬೋದು. ನೀನು ಅವ್ರ ಹಿಂದುಕ್ಕೆ ಕೂತ್ಕೋ."

ಈ ಮನೆಯಲ್ಲಿ ನನ್ನ ಪರವಾಗಿ ಒಬ್ಬರು ಮಾತಾಡಿದ್ದು ಇದೇ ಮೊದಲು. ಅದೂ ಇವರು! ಏನೋ ಲೆಕ್ಕಾಚಾರವಿರಬೇಕು.

ಮಾರ್ಚ್ ೧೧, ಗುರುವಾರ

ಎಡಗಡೆಯ ಮುಂದಿನ ಸೀಟು ತೆಗೆಸಿ, ಹಲಗೆ ಕೂರಿಸಿ, ನಾರಿನ ಹಾಸಿಗೆ ಹಾಕಿದ್ದೇವೆ. ಅತ್ತೆಯವರ ತಲೆ ನನ್ನ ಪಕ್ಕಕ್ಕೆ, ಕಾಲು ಹಿಂದಿನ ಬಾಗಿಲಿಗೆ. ಅನಸೂಯ ನನ್ನ ಬೆನ್ನ ಹಿಂದೆ. ಕೆ.ಬಿ. ಕ್ರಾಸ್ ಬರುವಷ್ಟರಲ್ಲಿ ಅನಸೂಯ ನಿದ್ದೆ ಹೋದಳು. ಪಾಪ, ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ.

ಆಗ ತೊಂದರೆ ಶುರುವಾಯಿತು. ಮಾತು ದಾಟಿಸುವವರು ಯಾರೂ ಇಲ್ಲ. ಮುಂದೆ ಒಂದು ಲಾರಿ ಕಪ್ಪು ಹೊಗೆ ಕಾರುತ್ತಿತ್ತು. ಅತ್ತೆಯವರು ಎರಡು ಸಲ ಕೆಮ್ಮಿದರು. "ಅನಸೂಯಾ" ಎಂದರು. ಗೊರಕೆ ಬಂತು. ಇನ್ನಷ್ಟು ದೂರ ಹೋದ ಮೇಲೆ, ಮೇಲಿನ ತಗಡನ್ನು ನೋಡಿಕೊಂಡು ಹೇಳಿದರು:

"ಆ ಲಾರಿ ಹೊಗೆಯೆಲ್ಲ ನನ್ನ ಮೂಗಿಗೇ ಬತ್ತೈತೆ. ದಾಟ್ಸಬೋದಲ್ವಾ?"

ತಗಡು ಉತ್ತರ ಕೊಡಲಿಲ್ಲವಾದ್ದರಿಂದ ನಾನೇ, "ಅಲುಗಾಡುತ್ತೆ ಅತ್ತೆ, ಸೊಂಟಕ್ಕೆ..." ಎಂದೆ.

"ಸೊಂಟ ನಂದು. ದಾಟ್ಸಿ."

ದಾಟಿಸಿದೆ. ಫಿಯಟ್ಟು ಒಂದು ಉಸಿರಿನಲ್ಲಿ ಮುಂದೆ ಹೋಯಿತು. "ಅಂಗೆ!" ಎಂದರು. ಗುಬ್ಬಿ ಸೇರುವುದರೊಳಗೆ ಇನ್ನೂ ಎರಡು ಲಾರಿ, ಒಂದು ಬಸ್ಸು ದಾಟಿಸಿದೆವು. ಬಸ್ಸನ್ನು ದಾಟಿಸುವ ಅಗತ್ಯವಿರಲಿಲ್ಲ, ಅದು ಹೊಗೆ ಬಿಡುತ್ತಿರಲಿಲ್ಲ.

ಮಾರ್ಚ್ ೨೫, ಗುರುವಾರ

ಮೂಳೆ ಕೂಡುತ್ತಿದೆಯಂತೆ. ವಾಪಸ್ಸು ಬರುವಾಗ ಕೆ.ಬಿ. ಕ್ರಾಸಿನಲ್ಲಿ ನೇರ ಬರುವ ಬದಲು ಎಡಕ್ಕೆ ತುರುವೇಕೆರೆ ಕಡೆ ತಿರುಗಿಸಿ ಸುತ್ತಿಕೊಂಡು ಬಂದೆ. ಆ ರಸ್ತೆ ನುಣ್ಣಗಿದೆ, ರೋಗಿಗೆ ಒಳ್ಳೆಯದು. ಮಲಗಿದವರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದೆ.

"ಬಿಸ್ಲು ಈಗ ಈ ಕಡೆಯಿಂದ ಬತ್ತೈತೆ. ದಾರಿ ತಪ್ಪೈತೆ ಅಲ್ವಾ?" ಎಂದರು ಅತ್ತೆ.

"ಇಲ್ಲ, ಸುಮ್ನೆ ಹಂಗೇ..."

"ತಪ್ಪಿದ್ರೆ ತಪ್ಲಿ ಬುಡಿ."

ಆಮೇಲೆ ತಮ್ಮಷ್ಟಕ್ಕೆ ಕತೆ ಹೇಳಿದರು. ಹೊಸದಾಗಿ ಮದುವೆಯಾದಾಗ ಅವರ ಮನೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವಂತೆ. ಹುಳಿಯಾರಿನ ಸಂತೆಯಿಂದ ಬರುವಾಗ ಮಾವನವರು ಗಾಡಿಯಲ್ಲಿ ಮಲಗಿಬಿಡುತ್ತಿದ್ದರು. ಇವರು ಮೂಗುದಾರದ ಹಗ್ಗ ಹಿಡಿದು ಹೊಡೆದದ್ದೇ ಹೊಡೆದದ್ದು, ಮುಂದಿನ ಗಾಡಿಯನ್ನೆಲ್ಲ ಹಿಂದೆ ಹಾಕಿ. ಊರು ಹತ್ತಿರ ಬಂದಾಗ ಸೆರಗು ಹೊದ್ದು ಹಿಂದೆ ಕೂತು, ಗಂಡನನ್ನು ಎಬ್ಬಿಸಿ ಹಗ್ಗ ಕೊಡುತ್ತಿದ್ದರಂತೆ. "ಎತ್ತು ಬೋ ಬೆವರ್ತವೆ ಕಣೇ ಅಂತಿದ್ರು ನಿಮ್ಮ ಮಾವ. ಯಾಕೋ ಕಾಣೆ ಅಂತಿದ್ದೆ" ಎಂದು ನಕ್ಕರು. ನಗಬಾರದು ಎಂದು ಡಾಕ್ಟರು ಹೇಳಿದ್ದಾರೆ, ಸೊಂಟಕ್ಕೆ ಪೆಟ್ಟು. ನಾನೂ ಹೆಚ್ಚು ನಗಿಸಲಿಲ್ಲ.

ಲಕ್ಕಯ್ಯನವರ ಮನೆಯ ಮುಂದೆಯೇ ಹಾದು ಬಂದೆವು. ಅವರ ಅಂಬಾಸಿಡರ್ ಇನ್ನೂ ಮಾರಿಲ್ಲ. ಅಯ್ಯೋ ಪಾಪ.

ಏಪ್ರಿಲ್ ೬, ಮಂಗಳವಾರ. ತುಮಕೂರು

ಅತ್ತೆಗೆ ಮೂರು ದಿನದಿಂದ ಕೆಮ್ಮು, ಜ್ವರ. ಮಧ್ಯಾಹ್ನ ಉಸಿರು ಎಳೆಯತೊಡಗಿತು. ತುಟಿ ನೀಲಿಗಟ್ಟಿತು. ಮಲಗಿಸಿಕೊಂಡು ಹೊರಟೆವು.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ, ಮುಗಿಯುವುದೇ ಇಲ್ಲ. ಎಂಜಿನ್ ಆರಿಸಿದರೆ ಅತ್ತೆಯ ಉಸಿರಿನ ಸದ್ದು ಕೇಳುತ್ತದೆ ಎಂದು ಆರಿಸಲಿಲ್ಲ.

ಗೇಟು ಎತ್ತಿದ ಮೇಲೆ ಹೇಗೆ ಓಡಿಸಿದೆನೋ ನನಗೆ ಗೊತ್ತಿಲ್ಲ. ಒಂದು ಕಡೆ ಎದುರಿಗೆ ಬಸ್ಸು ಬಂತು, ರಸ್ತೆ ಬಿಟ್ಟು ಮಣ್ಣಿಗೆ ಇಳಿದೆ, ಅನಸೂಯ ಚೀರಿದಳು. ಅತ್ತೆ ಕೈ ಎತ್ತಿ ನನ್ನ ಮೊಣಕೈ ಹಿಡಿದುಕೊಂಡರು.

"ನಿಧಾನ ಓಡ್ಸಪ್ಪ ಗಂಗಾಧರಾ. ನಾನೆಲ್ಗೂ ಹೋಗಾಕಿಲ್ಲ."

ನ್ಯುಮೋನಿಯಾ ಅಂತೆ. ವಾರ್ಡಿಗೆ ಸೇರಿಸಿದ್ದಾರೆ. ಆಕ್ಸಿಜನ್ ಹಾಕಿದ್ದಾರೆ.

ಏಪ್ರಿಲ್ ೭, ಬುಧವಾರ

ಹಾಗೇ ಇದೆ.

ಏಪ್ರಿಲ್ ೯, ಶುಕ್ರವಾರ

ಜ್ವರ ಇಳಿದಿಲ್ಲ. ಅನಸೂಯ ಒಳಗೆ, ನಾನು ಹೊರಗೆ ಬೇವಿನ ಮರದ ಕೆಳಗೆ ಕಾರಿನಲ್ಲಿ. ಯಾರೋ ಬಂದು ಬಾನೆಟ್ ತಟ್ಟಿ, "ಚೆನ್ನಾಗಿಟ್ಟಿದ್ದೀರಿ, ಕೊಡ್ತೀರಾ?" ಎಂದು ಕೇಳಿದರು. ನಾನೇನು ಹೇಳಿದೆನೋ ನೆನಪಿಲ್ಲ. ಅವರು ಬೇಗ ಬೇಗ ಹೋದರು.

ಏಪ್ರಿಲ್ ೧೨, ಸೋಮವಾರ

ಎರಡು ಚಮಚ ರಾಗಿ ಗಂಜಿ ಕುಡಿದರು. ಮೂರನೆಯದಕ್ಕೆ, "ಉಪ್ಪೇ ಹಾಕಿಲ್ವಲ್ಲೇ" ಎಂದು ಅನಸೂಯಳನ್ನು ಬೈದರು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಸಂಜೆ ಬಂದು ಗಂಭೀರವಾಗಿ ಹೇಳಿದರು. ಅಷ್ಟೊಂದು ಓದಿದ್ದಾರೆ, ಪಾಪ, ಗಂಜಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಮಾರ್ಕೆಟ್ಟಿಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ. ಎಷ್ಟು ದಿನವಾಗಿತ್ತೋ.

ಮೇ ೯, ಭಾನುವಾರ

ಮೂರು ತಿಂಗಳು ಮುಗಿಯಿತು. ಹೋದ ವಾರ ಡಾಕ್ಟರು ಕೂರಿಸಿ, ಕೋಲು ಕೊಟ್ಟು ನಾಲ್ಕು ಹೆಜ್ಜೆ ನಡೆಸಿದರು. ಅವತ್ತಿನಿಂದಲೇ ಅತ್ತೆಗೆ ಹುಳಿಯಾರಿನ ಧ್ಯಾನ. ಇನ್ನೊಂದು ತಿಂಗಳು ಇರಲಿ ಎಂದು ಅನಸೂಯ ಬೇಡಿಕೊಂಡಳು. ನಾನೂ ಹೇಳಿದೆ. ಶಿಷ್ಟಾಚಾರಕ್ಕೆ ಹೇಳಬೇಕಲ್ಲ. ಎರಡು ಮೂರು ಸಲ ಹೇಳಿದೆ.

"ನನ್ನ ಎಮ್ಮೆಗಳು ಅಲ್ಲಿ ಯಾರ ಮಾತೂ ಕೇಳ್ತಿಲ್ವಂತೆ" ಎಂದರು. ಅಟ್ಟಕ್ಕೆ ಹತ್ತುವುದಿಲ್ಲ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದಾರೆ.

ಹಲಗೆ ತೆಗೆಸಿ ಸೀಟು ವಾಪಸ್ಸು ಹಾಕಿಸಿದೆ. ಅತ್ತೆ ಮೊದಲ ಸಲ ನನ್ನ ಪಕ್ಕದಲ್ಲಿ ಕೂತರು. ಚಿಕ್ಕನಾಯಕನಹಳ್ಳಿ ದಾಟಿದ ಮೇಲೆ ತೆಂಗು ತೆಳುವಾಗಿ ಬಯಲು ತೆರೆದುಕೊಂಡಿತು. ಇಷ್ಟು ದಿನ ಬರೀ ಆಕಾಶ, ಮರದ ತಲೆ, ತಂತಿ ನೋಡಿಕೊಂಡು ಹೋದವರು ಈಗ ರಸ್ತೆಯನ್ನು ನೋಡಿ ಬೆರಗಾದರು. "ಇಷ್ಟ್ ಸಣ್ಣ ರಸ್ತೇಲಾ ನಾವು ಅಷ್ಟು ಜೋರಾಗಿ ಹೋಗ್ತಿದ್ದಿದ್ದು?" ಎಂದು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡರು. ಹುಳಿಯಾರು ತಲುಪುವವರೆಗೂ ಬಿಡಲಿಲ್ಲ.

ಬಿಟ್ಟು ಬಂದೆವು. ವಾಪಸ್ಸು ಬರುವಾಗ ಎತ್ತಿನ ಗಾಡಿಯೊಂದು ಮುಂದಿತ್ತು.

"ಯಾಕ್ರೀ, ದಾಟ್ಸಲ್ವಾ?" ಎಂದಳು ಅನಸೂಯ.

"ಅವಸರ ಏನಿದೆ" ಎಂದೆ.

ಮೇ ೧೩, ಗುರುವಾರ

ನಡುಮನೆಯ ಮಂಚ ತೆಗೆಸಿದ್ದಾಯಿತು. ಮನೆ ದೊಡ್ಡದಾದ ಹಾಗಿದೆ. ರೇಡಿಯೋ ಎಷ್ಟು ಜೋರಾಗಿ ಬೇಕಾದರೂ ಹಾಕಬಹುದು. ಹಾಕಲಿಲ್ಲ, ಕಾರ್ಯಕ್ರಮ ಚೆನ್ನಾಗಿರಲಿಲ್ಲ.

ಮಾಯಣ್ಣ ಬಂದು, ಇನ್ನು ಫಿಯಟ್ ಯಾಕೆ, ಕೊಟ್ಟು ಲಕ್ಕಯ್ಯನವರ ಅಂಬಾಸಿಡರ್ ತಗೋ, ಕಾಯಿಗೂ ಆಗುತ್ತೆ ಎಂದ. ಬುದ್ಧಿವಂತನ ಮಾತು. ಕಾಫಿ ಕೊಟ್ಟು ಕಳಿಸಿದೆ.

ಮೇ ೧೫, ಶನಿವಾರ

ನಾಳೆ ಹುಳಿಯಾರಿಗೆ ಹೋಗಬೇಕು, ಕೊಬ್ಬರಿ ರೇಟು ವಿಚಾರಿಸುವುದಿದೆ ಎಂದು ಅನಸೂಯಳಿಗೆ ಹೇಳಿದೆ. ಇಡೀ ಸೀಮೆಯ ಕೊಬ್ಬರಿ ಬಂದು ಬೀಳುವುದು ತಿಪಟೂರಿಗೆ, ಅದರ ಪಕ್ಕದ ಊರಿನವರು ರೇಟು ಕೇಳಲು ಹುಳಿಯಾರಿಗೆ ಹೋಗುತ್ತಾರಾ ಎಂದು ಅವಳು ಕೇಳುತ್ತಾಳೆ, ಕೇಳಿದರೆ ಏನು ಹೇಳಬೇಕು ಎಂದೆಲ್ಲ ತಯಾರಾಗಿದ್ದೆ. ನಾಲ್ಕು ಕಡೆ ವಿಚಾರಿಸುವುದೇ ವ್ಯಾಪಾರದ ಲಕ್ಷಣ, ಇತ್ಯಾದಿ.

ಅವಳು ಕೇಳಲಿಲ್ಲ. ಸಂಜೆ ನೋಡಿದರೆ ಒಲೆಯ ಮುಂದೆ ಕೂತು ಚಕ್ಕುಲಿ ಕರಿಯುತ್ತಿದ್ದಳು. ಡಬ್ಬಕ್ಕೆ ತುಂಬಿ ಕಾರಿನ ಮುಂದಿನ ಸೀಟಿನ ಮೇಲೆ ಇಟ್ಟು ಬಂದು ಹೇಳಿದಳು:

"ರೇಟು ಕೇಳಿದ ಮೇಲೆ ಇದನ್ನ ಅವ್ವಂಗೆ ಕೊಟ್ಟು ಬನ್ನಿ. ಗಟ್ಟಿ ಅಂತ ಬ್ಯಾಡ ಅಂದ್ರೆ, ಮಜ್ಜಿಗೇಲಿ ನೆನೆಸ್ಕೊಂಡು ತಿನ್ನೋಕೆ ಹೇಳಿ. ನೀವೇ ಹೇಳಿ, ನನ್ನ ಕೈಲಿ ಹೇಳಿಸ್ಬೇಡಿ."